ಬೆಳ್ಳಗಾದ ಫಕ್ಕೀರಪ್ಪ

ಮೊಬೈಲಿನೊಳಗಿನ ಚಿತ್ರಗಳು ಸವೆಯತೊಡಗಿದ ಕಾಲದ ಮಾತು ಇದು.

ಅದಕ್ಕೂ ಮೊದಲು ಹಾಗಿರಲಿಲ್ಲ. ಯಾರೋ ಒಬ್ಬ ಜಾರಿ ಬಿದ್ದದ್ದನ್ನು ಮೊಬೈಲು ಹಿಡಿಯಿತೆಂದರೆ ಮುಗಿಯಿತು, ಆ ಮನುಷ್ಯ ಸಾಯುವವರೆಗೂ ಬೀಳುತ್ತಲೇ ಇರಬೇಕು. ಅವನು ಎದ್ದು, ಮೈ ಕೊಡವಿಕೊಂಡು, ಮನೆಗೆ ಹೋಗಿ ಉಂಡು ಮಲಗಿದರೂ ಯಾವುದೋ ಊರಲ್ಲಿ ಯಾರದೋ ಅಂಗೈಯಲ್ಲಿ ಇನ್ನೂ ಬೀಳುತ್ತಿದ್ದ. ಹೀಗೆ ಬಿದ್ದು ಬಿದ್ದು ಬೇಸತ್ತ ಕೆಲವರು ಕೆರೆ ಬಾವಿ ನೋಡಿಕೊಂಡರು. ಆಮೇಲೆ ಸರಕಾರ ಎಚ್ಚೆತ್ತು, ಓದಿದವರನ್ನು ಕೂಡಿಸಿ ಕೇಳಿ, ಸವಕಳಿ ಕಾಯ್ದೆ ಎಂದು ಒಂದನ್ನು ತಂದಿತು.

ಅದರ ಏರ್ಪಾಡು ಇಷ್ಟೇ. ಯಾರು ಏನನ್ನೇ ಹಿಡಿದರೂ ಅದರ ಬೇರು, ಅಂದರೆ ಮೂಲ ಪ್ರತಿ, ಹೋಗಿ ಸರಕಾರದ ಕೋಠಿ ಎಂಬ ಉಗ್ರಾಣದಲ್ಲಿ ಕೂಡುತ್ತಿತ್ತು. ಜನರ ಕೈಯಲ್ಲಿ ಆಡುವುದೆಲ್ಲ ಆ ಬೇರಿನ ನೆರಳು. ನೋಡುವವರ ಕಣ್ಣನ್ನು ಮೊಬೈಲು ತಾನೂ ನೋಡುತ್ತಿತ್ತು. ಒಂದು ಜೊತೆ ಕಣ್ಣು ಒಮ್ಮೆ ನೋಡಿದರೆ ಬೇರಿನಲ್ಲಿ ಅಷ್ಟು ಬಣ್ಣ ಇಳಿಯಿತು ಎಂದೇ ಲೆಕ್ಕ. ಒಗೆದು ಒಗೆದು ಸೀರೆಯ ಬಣ್ಣ ಹೋಗುವ ಹಾಗೆ ನೋಡಿ ನೋಡಿ ಚಿತ್ರದ ಬಣ್ಣ ಹೋಗುತ್ತಿತ್ತು, ದನಿಯೂ ಹೋಗುತ್ತಿತ್ತು. ಕೊನೆಗೆ ಉಳಿಯುವುದು ಬರೀ ಬಿಳಿ.

ಜನ ಯಾವುದಕ್ಕೆ ತಾನೇ ಒಗ್ಗಿಕೊಳ್ಳುವುದಿಲ್ಲ? ಇದಕ್ಕೂ ಒಗ್ಗಿಕೊಂಡರು. ಬೆಳ್ಳಗಾಗುವುದೇ ದೊಡ್ಡಸ್ತಿಕೆಯಾಯಿತು. ಸಿನಿಮಾದವರು ತಮ್ಮ ತುಣುಕು ಎಷ್ಟು ಬೇಗ ಬೆಳ್ಳಗಾಯಿತೆಂದು ಹೇಳಿಕೊಂಡು ತಿರುಗಿದರು. ಇಬ್ಬರು ಓರಗಿತ್ತಿಯರು ಜಗಳಕ್ಕೆ ನಿಂತರೆ, “ನಿನ್ನ ಸೀಮಂತದ ವಿಡಿಯೋ ಇನ್ನೂ ಬಣ್ಣ ಐತಲ್ಲ ಹೋಗ,” ಎಂದು ಒಬ್ಬಳು ಅಂದರೆ ಇನ್ನೊಬ್ಬಳು ಅಳುತ್ತಾ ಒಳಗೆ ಹೋಗಬೇಕು.

ಇದರಿಂದ ನಿಜವಾಗಿ ಬಾಳಿದವರು ಹಾಸ್ಯದವರು. ಯಾವುದನ್ನು ಊರೆಲ್ಲ ನೋಡಿ ನಕ್ಕಿತೋ ಅದನ್ನು ಮತ್ತೆ ನೋಡುವಂತಿಲ್ಲ. ನೋಡದಿದ್ದರೆ ಜೀವ ಕೇಳದು. ಅದಕ್ಕೇ ಬಿಳಿ ಪರದೆಯ ಆಟ ಹುಟ್ಟಿತು. ಹಿಂದೆ ಬೆಳ್ಳಗಾದ ತುಣುಕನ್ನು ಬಿಟ್ಟು, ಅದರ ಮುಂದೆ ನಿಂತು, ಅದರಲ್ಲಿ ಏನಿತ್ತೆಂಬುದನ್ನು ಇವರು ಮಾಡಿ ತೋರಿಸಬೇಕು.

ಹುಬ್ಬಳ್ಳಿಯಲ್ಲಿ ಆ ಆಟಕ್ಕೆ ಹೆಸರಾದವಳು ಗೋದಾಬಾಯಿ. ಎಪ್ಪತ್ತು ದಾಟಿದ ಹೆಂಗಸು. ಶಾಲೆಗೆ ಹೋದದ್ದು ಹೋಗಲಿಲ್ಲ ಎನ್ನುವಷ್ಟು. ಸೋದರತ್ತೆಯ ನಾಟಕ ಕಂಪನಿಯಲ್ಲಿ ಬೆಳೆದವಳು, ಓದಲು ಬಾರದೆ ನೋಡಿಯೇ ಕಲಿತವಳು. ಒಮ್ಮೆ ಕಂಡ ನಡಿಗೆ, ಒಮ್ಮೆ ಕೇಳಿದ ಕೆಮ್ಮು ಅವಳ ಮೈಯಿಂದ ಹೋಗುತ್ತಿರಲಿಲ್ಲ. ಅವಳ ಜೋಡಿ ಮುಸ್ತಾಕ, ಗ್ಯಾರೇಜು ಬಿಟ್ಟು ಬಂದವನು. ಅವನ ನಾಲಿಗೆಗೆ ದೇವರು ಬ್ರೇಕು ಇಟ್ಟಿರಲಿಲ್ಲ.

“ನೋಡ್ರೀಪಾ, ಮೊನ್ನೆ ಆ ದೊಡ್ಡ ಹೀರೋನ ಲಗ್ನ ಆತು,” ಆ ಸಂಜೆ ಮುಸ್ತಾಕ ಶುರು ಹಚ್ಚಿಕೊಂಡ. “ಅಕ್ಕಿಕಾಳ ಬೀಳೂದರಾಗ ತುಣುಕು ಬೆಳ್ಳಗ! ಈಗ ಮದುಮಗ ಬಾಗಲಾ ಬಾಗಲಾ ತಿರುಗಾಕತ್ತಾನ. ಯಪ್ಪಾ, ನಾ ತಾಳಿ ಕಟ್ಟಿದ್ದು ಯಾರಿಗೆ, ನಿಮ್ಮಾಗ ಯಾರರ ನೋಡೀರೇನು ಅಂತ.”

“ನಿನ್ನ ಲಗ್ನದ್ದು ಏನಾತೋ?” ಗೋದಾಬಾಯಿ ಕೇಳಿದಳು.

“ಅದರ ಸುದ್ದಿ ಯಾಕ ತಗೀತಿ ಗೋದಕ್ಕಾ? ಇವತ್ತಿಗೂ ಮೆಹೆಂದಿ ಸೈತ ಮಾಸಿಲ್ಲ. ನಮ್ಮ ಮಾವನೂ ಪೂರಾ ನೋಡಿಲ್ಲ.”

“ಸುಮ್ನಿರು, ನಿನಗಿಂತಾ ಮಂತ್ರಿ ಹೆಚ್ಚು. ಅವನ ಭಾಷಣಾ ನೋಡು, ಅಂಗಡ್ಯಾಗಿನ ಹೊಸಾ ಸೀರಿ ಹಂಗ ಐತಿ. ಅವನ ಹೆಂಡ್ತಿನ ಅದನ್ನ ಮಡಚಿ ಟ್ರಂಕಿನ್ಯಾಗ ಇಟ್ಟಾಳ.”

ಸಭೆ ನಕ್ಕಿತು. ಒಗ್ಗರಣೆ ಹಾಕುತ್ತಾ ಹಾಕುತ್ತಾ ಗಂಡನನ್ನು ಬಿಟ್ಟೆನೆಂದು ಅತ್ತ ಅಡುಗೆ ವಿಡಿಯೋದ ಅಕ್ಕ ಗೋದಾಬಾಯಿಯ ಮೈಯಲ್ಲಿ ಬಂದು ಹೋದಳು. “ಜನಾ ನೋಡಿದ್ದ ನೋಡಿದ್ದು, ಗಂಡನೂ ಬೆಳ್ಳಗಾದ, ಸಾರೂ ಬೆಳ್ಳಗಾತು, ಸಾಸಿವಿ ಸಿಡಿಯೂ ಸಪ್ಪಳ ಒಂದ ಉಳದೈತಿ,” ಎಂದು ಮುಸ್ತಾಕ ಬಾಯಿಂದ ಚಟಪಟ ಮಾಡಿದ. ಅಷ್ಟರಲ್ಲಿ ಹಿಂದಿನಿಂದ ಯಾರೋ ಕೂಗಿದರು: “ಫಕ್ಕೀರಪ್ಪನ್ನ ತೋರಸ್ರೀ!” ಕೂಗು ಸಭೆಗೆಲ್ಲ ಹತ್ತಿತು.

ಆ ಹೆಸರನ್ನು ಕೇಳದವರು ಆ ಸೀಮೆಯಲ್ಲಿ ಇರಲಿಲ್ಲ. ಗದಗಿನಲ್ಲಿ ಸೀರೆ ಅಂಗಡಿಯೊಂದರ ಉದ್ಘಾಟನೆಗೆ ಮೃಣ್ಮಯಿ ಎಂಬ ನಟಿ ಬಂದಿದ್ದಳು. ಅವಳ ಕೂದಲು ಹಾರಲೆಂದು ಎದುರಿಗೆ ಒಂದು ದೊಡ್ಡ ಫ್ಯಾನು ಇಟ್ಟಿದ್ದರು. ಅವಳ ಹೆಗಲ ಹಿಂದೆ ಮೈಕ್‌ಸೆಟ್ಟಿನ ಫಕ್ಕೀರಪ್ಪ ನಿಂತಿದ್ದ. ಅವಳನ್ನು ಕಂಡು ಅವನ ಬಾಯಿ ಮೆಲ್ಲಗೆ ತೆರೆಯಿತು. ಗುಡಿಯ ಮುಂದೆ ನಿಂತವನಂತೆ ಕಾಲಿನ ಚಪ್ಪಲಿ ಕಳಚಿದ. ಕತ್ತರಿ ಆಡಿತು, ರಿಬ್ಬನ್ನು ತುಂಡಾಯಿತು, ಫ್ಯಾನಿನ ಗಾಳಿಗೆ ಅದರ ತುದಿ ಹಾರಿ ಬಂದು ತೆರೆದ ಬಾಯೊಳಗೆ ಹೊಕ್ಕಿತು. ನಾಡೆಲ್ಲ ನಕ್ಕಿತು. ಒಂದು ವಾರದೊಳಗೆ ತುಣುಕು ಬೆಳ್ಳಗಾಗಿತ್ತು. ಅದಾಗಿ ಇಪ್ಪತ್ತು ವರ್ಷದ ಮೇಲಾದರೂ ಗೋದಾಬಾಯಿಯ ಮೈಯಲ್ಲಿ ಫಕ್ಕೀರಪ್ಪ ಬೆಳ್ಳಗಾಗಿರಲಿಲ್ಲ.

ಅವಳು ಸೆರಗು ಸಿಕ್ಕಿಸಿ, ಬಿಳಿ ಪರದೆಯ ಮುಂದೆ ನಿಂತು, ಬಾಯಿ ತೆರೆದಳು. ಹುಬ್ಬು ಕುಣಿಸಿದಳು. ಗಂಟಲಿನಿಂದ “ಆಂ...” ಎಂದು ಎಳೆದಳು. ರಿಬ್ಬನ್ನು ಬಾಯಿಗೆ ಬಿದ್ದಾಗ ಎಮ್ಮೆ ಮೇವು ಜಗಿದ ಹಾಗೆ ಜಗಿದಳು. ಮುದುಕರು ಕಣ್ಣೀರು ಒರೆಸಿಕೊಂಡರು, ಒಬ್ಬಾತ ಕುರ್ಚಿಯಿಂದ ಜಾರಿದ.

ಮುಂದಿನ ಸಾಲಿನಲ್ಲಿ ಒಬ್ಬಳು ಹುಡುಗಿ ಮಾತ್ರ ನಗಲಿಲ್ಲ. ಗದ್ದಕ್ಕೆ ಕೈ ಕೊಟ್ಟು, ಪರೀಕ್ಷೆಗೆ ಓದುವವಳ ಹಾಗೆ ಗೋದಾಬಾಯಿಯನ್ನೇ ನೋಡುತ್ತಿದ್ದಳು. ಹಾಸ್ಯದವರಿಗೆ ನಕ್ಕ ನೂರು ಮಂದಿ ಕಾಣುವುದಿಲ್ಲ, ನಗದ ಒಬ್ಬರು ಕಾಣುತ್ತಾರೆ.

ಆಟ ಮುಗಿದ ಮೇಲೆ ಆ ಹುಡುಗಿ ಬಣ್ಣದ ಕೋಣೆಯ ಬಾಗಿಲಿಗೆ ಬಂದು ನಿಂತಳು.

“ನಾ ಶ್ರಾವಣಿರಿ. ಶ್ರಾವಣಿ ಫಕ್ಕೀರಪ್ಪ ಮುಳಗುಂದ.”

“ಯಾವ ಫಕ್ಕೀ...” ಎಂದ ಮುಸ್ತಾಕ ಅಲ್ಲಿಗೇ ನಿಲ್ಲಿಸಿದ. ಮುಖ ಒರೆಸುತ್ತಿದ್ದ ಅರಿವೆ ಅವನ ಕೈಯಲ್ಲೇ ಉಳಿಯಿತು.

“ಹೆದರಬ್ಯಾಡ್ರಿ, ಜಗಳಾ ತಗ್ಯಾಕ ಬಂದಿಲ್ಲ,” ಎಂದಳು ಹುಡುಗಿ. “ಜಗಳಾ ಮಾಡೂ ವಯಸ್ಸಿನ್ಯಾಗ ನಿಮ್ಮ ಮನಿ ಎಲ್ಲೈತಿ ಅಂತ ಗೊತ್ತಿರಲಿಲ್ಲ.”

ಗೋದಾಬಾಯಿ ಎದ್ದು ತಾನು ಕೂತ ಕುರ್ಚಿಯನ್ನೇ ಅವಳತ್ತ ಸರಿಸಿದಳು. “ಕುಂದ್ರವಾ. ಅಪ್ಪ ಹೆಂಗದಾನ?”

“ಹ್ವಾದ ವರ್ಷ ತೀರಿಕೊಂಡ.”

ಹುಡುಗಿ ಕುರ್ಚಿಯ ಅಂಚಿಗೆ ಕೂತಳು. ಆಮೇಲೆ ಶ್ರಾವಣಿ ತಾನಾಗಿಯೇ ಹೇಳತೊಡಗಿದಳು. ಆ ತುಣುಕು ಬಂದಾಗ ಅವಳು ತೊಟ್ಟಿಲ ಕೂಸು. ಅಪ್ಪ ಮೈಕ್‌ಸೆಟ್ಟನ್ನು ಮಾರಿ ಜಿನ್ನಿಂಗ್ ಮಿಲ್ಲಿಗೆ ಸೇರಿಕೊಂಡ. ಹತ್ತಿಯ ಧೂಳಿಗೆ ಅಲ್ಲಿ ಎಲ್ಲರೂ ಬಾಯಿಗೆ ಬಟ್ಟೆ ಕಟ್ಟುತ್ತಾರೆ, ಅವನಿಗೆ ಬೇಕಾದದ್ದೂ ಅದೇ. ಮನೆಗೆ ಬಂದರೂ ಬಿಚ್ಚುತ್ತಿರಲಿಲ್ಲ. ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದ. ಯಾರಾದರೂ ಮೊಬೈಲು ಎತ್ತಿದರೆ ಟವೆಲ್ಲಿನಿಂದ ಮುಖ ಮುಚ್ಚುತ್ತಿದ್ದ.

“ಹಿಂಗಾಗಿ ಅಪ್ಪ ಇರೂದು ಅದೊಂದ ತುಣುಕಿನ್ಯಾಗರಿ. ಅದನ್ನೂ ನಾ ನೋಡಿಲ್ಲ. ನನಗ ತಿಳಿಯೂದ್ರಾಗ ಬೆಳ್ಳಗಾಗಿತ್ತು. ಸಾಲ್ಯಾಗ ಹುಡುಗ್ರು ಆಡಸ್ತಿದ್ರಲ್ಲ, ಅದೂ ನಿಮ್ಮನ್ನ ನೋಡಿ ಕಲತದ್ದು. ನಾ ನೋಡಿದ್ದೆಲ್ಲಾ ನಿಮ್ಮ ಫಕ್ಕೀರಪ್ಪನ್ನ, ನಮ್ಮಪ್ಪನ್ನಲ್ಲ.”

“ಈಗ ಏನಾಗಬೇಕವಾ?”

“ಕೋಠ್ಯಾಗ ಒಂದು ಕೊನೇ ನೋಟ ಐತರಿ.”

ಅದೂ ಕಾಯ್ದೆಯಲ್ಲಿ ಇತ್ತು. ತುಣುಕು ಎಷ್ಟೇ ಸವೆದರೂ, ಅದರಲ್ಲಿ ಇದ್ದ ಮನುಷ್ಯನಿಗೋ ಅವನ ಮಕ್ಕಳಿಗೋ ಎಂದು, ಬೇರಿನಲ್ಲಿ ಉಳಿದದ್ದರ ಒಂದು ನೋಟವನ್ನು ಕೋಠಿಯವರು ಕಾದಿಡಬೇಕು. ಒಬ್ಬರು, ಒಮ್ಮೆ ನೋಡಬಹುದು. ಅಲ್ಲಿಗೆ ಬೇರೂ ಸತ್ತಂತೆ. ಫಕ್ಕೀರಪ್ಪ ಅದನ್ನು ಕೇಳಲು ಹೋಗಿರಲಿಲ್ಲ. ಈಗ ಹಳೆಯ ಬೇರುಗಳನ್ನೆಲ್ಲ ಕಿತ್ತು ಹಾಕುತ್ತೇವೆ, ನೋಡುವುದಿದ್ದರೆ ಈ ತಿಂಗಳೊಳಗೆ ಬಂದು ನೋಡಿ ಎಂದು ಮಗಳಿಗೆ ಹೇಳಿ ಕಳಿಸಿದ್ದರು.

“ಅವ್ವ ಹೇಳ್ತಾಳರಿ, ಅಪ್ಪ ಆಕೀನ್ನ ನೋಡಿ ಬಾಯಿ ತಗದದ್ದಲ್ಲ ಅಂತ. ಆ ನಟಿ ಕಾಲಬುಡಕ ವಯರ್ ಹರದಿತ್ತಂತ, ಕಾಲಿಡಬ್ಯಾಡ್ರೀ ಅಂತ ಒದರಾಕ ಬಾಯಿ ತಗದಿದ್ನಂತ.” ಹುಡುಗಿಯ ದನಿ ಸಣ್ಣದಾಯಿತು. “ನೀವು ಬಣ್ಣ ಇದ್ದಾಗ ನೋಡೀರಿ. ಒಂದ ನೋಟದಾಗ ನಾ ಏನು ನೋಡಲಿ? ಯಾವುದು ಅಪ್ಪಂದು, ಯಾವುದು ನೀವು ಹಚ್ಚಿದ ಉಪ್ಪು ಖಾರ ಅಂತ ಮೊದಲ ತಿಳದ್ರ, ಕಣ್ಣು ಎಲ್ಲಿ ಇಡಬೇಕಂತ ಗೊತ್ತಾಕ್ಕೈತಿ.”

“ನಾಳೆ ಮುಂಜಾನೆ ಮನಿಗೆ ಬಾ,” ಎಂದಳು ಗೋದಾಬಾಯಿ.

ಹಳೇಹುಬ್ಬಳ್ಳಿಯ ಎರಡು ಕೋಣೆಯ ಮನೆ. ಗೋದಾಬಾಯಿ ಮೊರದಲ್ಲಿ ಜೋಳ ಹಾಕಿಕೊಂಡು ಕಲ್ಲು ಆರಿಸುತ್ತಾ ಕೂತಿದ್ದಳು. ಮುಸ್ತಾಕ ಕರೆಯದೆ ಬಂದು, ರೊಟ್ಟಿಯ ಬುಟ್ಟಿಗೆ ಕೈ ಹಾಕಿ, ಬೈಸಿಕೊಂಡು ಕಟ್ಟೆಯ ಮೇಲೆ ಕೂತಿದ್ದ.

“ಹುಬ್ಬು ಕುಣಿಸೂದು ನಂದು,” ಎಂದಳು ಗೋದಾಬಾಯಿ, ಒಂದು ಕಲ್ಲನ್ನು ಹೊರಗೆ ಎಸೆದು. “ಅವನ ಹುಬ್ಬು ಸುಮ್ನ ಇದ್ದವು. ಆಂ ಅನ್ನೂದೂ ನಂದು. ಜಗಿಯೂದು ನಂದು, ಅದನ್ನ ಎಮ್ಮಿ ನೋಡಿ ಮಾಡೇನಿ.”

“ಚಪ್ಲಿ?”

“ಚಪ್ಲಿ ಅವಂದ. ಎಡಗಾಲಿನ್ದು ಮೊದಲ ಬಿಟ್ಟ, ಬಲಗಾಲಿನ್ದು ಬೆರಳಿಗೆ ತೊಡಕಿತ್ತು. ಕೊಡವಿದ. ಹೆಗಲ ಮ್ಯಾಲೆ ವಯರಿನ ಸುತ್ತು ಇತ್ತು, ನೀಲಿದು.”

ಶ್ರಾವಣಿ ಎಡಗಾಲು ಎಂದು ತನ್ನಷ್ಟಕ್ಕೆ ಅಂದುಕೊಂಡಳು. “ಕೆಳಗ ಹರದ ವಯರ್?”

ಗೋದಾಬಾಯಿ ಕಣ್ಣು ಮುಚ್ಚಿ ಆ ತುಣುಕನ್ನು ಮನಸ್ಸಿನಲ್ಲೇ ಹಾಯಿಸಿದಳು. ಅವಳ ಅತ್ತೆಯ ಕಂಪನಿಯಲ್ಲಿ ಒಂದು ರೂಢಿ ಇತ್ತು. ಹೊಸ ಊರಿಗೆ ಹೋದರೆ ಹಾಸ್ಯದ ಪಾತ್ರದವರು ಮುಂಜಾನೆ ಪೇಟೆ ಸುತ್ತಬೇಕು. ಅಲ್ಲಿ ಒಬ್ಬನನ್ನು ಹಿಡಿದು ನೋಡಿ, ರಾತ್ರಿ ನಾಟಕದಲ್ಲಿ ಅವನನ್ನು ಇಳಿಸಬೇಕು. ಮುಖವನ್ನು ಎಲ್ಲರೂ ನೋಡುತ್ತಾರೆ, ನೀ ಮೊದಲು ಕಾಲು ನೋಡು, ಆಮೇಲೆ ಕೈ ನೋಡು ಎಂದು ಅತ್ತೆ ಹೇಳುತ್ತಿದ್ದಳು. ಮರುದಿನ ಮತ್ತೆ ಅವನ ಅಂಗಡಿಗೇ ಹೋಗಬೇಕು. ಅವನು ಎಲೆ ಅಡಿಕೆ ಕೊಟ್ಟರೆ ಒಪ್ಪಿದ ಎಂದರ್ಥ. ಕೊಡದಿದ್ದರೆ ಆ ರಾತ್ರಿಯಿಂದ ಅವನ ಹಾಸ್ಯ ಬಂದ್. ಫಕ್ಕೀರಪ್ಪ ಮಾತ್ರ ಮೊಬೈಲಿನೊಳಗೆ ಬಂದವನು. ಮೊಬೈಲಿಗೆ ಅಂಗಡಿ ಬಾಗಿಲು ಎಲ್ಲಿದ್ದೀತು?

“ಆ ನಟಿ ಕಾಲ ನಾ ನೋಡಿಲ್ಲವಾ,” ಎಂದಳು ಕೊನೆಗೆ. “ಅವನ ಕಾಲ ನೋಡೇನಿ. ಓಡಿ ಬರೂ ಕಾಲ ಅಲ್ಲ ಅವು. ಆದ್ರ ನಾನೂ ಎಲ್ಲಾರಂಗ ರಿಬ್ಬನ್ ಬಾಯಾಗ ಹೋಗೂ ಮಟಾ ನೋಡೇನಿ, ಅದರ ಮುಂದಿಂದು ನೋಡಿಲ್ಲ. ನೀ ನೋಡು.”

“ನೀವೂ ಬರ್ರಿ ಕೂಡ,” ಎಂದಳು ಹುಡುಗಿ. “ಬಾಗಲ ಮಟಾ.”

“ಟ್ಯಾಕ್ಸಿ ನಾ ತರ್ತೀನಿ,” ಎಂದ ಮುಸ್ತಾಕ, ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು. “ಅಂದ್ರ ಅಕ್ಕನ ಖರ್ಚಿನ್ಯಾಗ.”

ಧಾರವಾಡದ ಕೋಠಿ ಹೊರಗಿನಿಂದ ಧಾನ್ಯದ ಗೋದಾಮಿನ ಹಾಗೆ ಕಾಣುತ್ತಿತ್ತು. ಒಳಗೆ ಥಂಡಿ. ಆಳೆತ್ತರದ ಕಪಾಟುಗಳು ಸಾಲಾಗಿ ನಿಂತು ಜೇನಿನ ಹಾಗೆ ಗುಂಯ್ ಎನ್ನುತ್ತಿದ್ದವು. ಒಂದೊಂದರಲ್ಲಿ ಎಷ್ಟೋ ಜನರ ಬೀಳುವಿಕೆ, ಸೀನು, ಜಗಳ, ತೊದಲು. ಅಲ್ಲಿನ ಇಂಜಿನಿಯರು ಪ್ರಫುಲ್ಲಾ ಹೆಬಸೂರ ಎಂಬ ನಡುವಯಸ್ಸಿನ ಹೆಂಗಸು, ಸ್ವೆಟರು ಹಾಕಿಕೊಂಡು ಬಂದಳು.

“ಒಂದು ಮಾತು ಮೊದಲ ಹೇಳ್ತೀನಿ,” ಎಂದಳು ಅವಳು. “ಬಣ್ಣ ಇಳಿದ ಮ್ಯಾಲೆ ಜನರ ಕೈಯಾಗಿನ ನೆರಳು ಪೂರಾ ಬಿಳಿ ಮಾಡ್ತೀವಿ, ಆದ್ರ ಬೇರು ಎಲ್ಲಾ ಕಡೆ ಸಮಾ ಸವದಿರೂದಿಲ್ಲ. ಜನಾ ಎಲ್ಲಿ ನೋಡ್ಯಾರ, ಅಲ್ಲಿ ಸವದಿರ್ತದ. ಇದರಾಗ ರಿಬ್ಬನ್ ಬಾಯಿಗೆ ಹೋಗೂ ತನಕ ನೋಡೂದು, ನಗೂದು, ಮತ್ತ ಮೊದಲಿಂದ ಹಚ್ಚೂದು, ಹಿಂಗ ಮಾಡ್ಯಾರ. ಅಷ್ಟೂ ಬೆಳ್ಳಗ ಆಗೇದ. ಅದರ ಮುಂದ ತುದಿಯೊಳಗ ಏನರ ಇದ್ದರ ಅದು ಉಳದಿರಬಹುದು.”

“ಏನೈತಿ ಅಲ್ಲೆ?” ಶ್ರಾವಣಿ ಕೇಳಿದಳು.

“ನಮಗೂ ಗೊತ್ತಿಲ್ಲರಿ. ನಾವು ನೋಡಿದ್ರೂ ಸವೀತದ. ಆ ನೋಟ ನಿಮ್ಮದು.”

ಕಣ್ಣಿನ ಡಾಕ್ಟರರ ಬಳಿ ಗದ್ದ ಊರಿ ಕೂಡುತ್ತೇವಲ್ಲ, ಅಂಥದೊಂದು ಯಂತ್ರ. ಎರಡು ಕಿಂಡಿಗೆ ಎರಡು ಕಣ್ಣು ಕೊಟ್ಟರೆ ಅದು ಮೊದಲು ಕಣ್ಣನ್ನು ಗುರುತು ಹಿಡಿಯಬೇಕು, ಆಮೇಲೆ ಚಿತ್ರ ಬಿಡಬೇಕು. ಇನ್ನೊಬ್ಬರು ಪಕ್ಕದಿಂದ ಇಣುಕುವಂತಿಲ್ಲ, ಯಂತ್ರದ ಮುಂದೆ ಮೊಬೈಲು ಹಿಡಿಯುವಂತಿಲ್ಲ. ಹಿಡಿದರೂ ಬರುವುದು ಬಿಳಿಯೇ.

ಶ್ರಾವಣಿ ಕೂತಳು. ಗದ್ದ ಊರಿದಳು. ಯಂತ್ರ ಒಮ್ಮೆ ಪೀಂ ಎಂದು ಸುಮ್ಮನಾಯಿತು.

“ಕಣ್ಣು ಒರಸ್ಕೋರಿ,” ಎಂದಳು ಪ್ರಫುಲ್ಲಾ. “ನೀರಿದ್ದರ ಅದಕ್ಕ ಗುರುತು ಹತ್ತೂದಿಲ್ಲ.”

ಒರೆಸಿಕೊಂಡಳು. ಮತ್ತೆ ಪೀಂ ಎಂದಿತು. ದುಪಟ್ಟಾದ ತುದಿ ಒದ್ದೆಯಾಯಿತು. ಮುಖ ತೊಳೆದು ಬಂದಳು, ಹೊರಗೆ ಹೋಗಿ ಗಾಳಿಗೆ ನಿಂತು ಬಂದಳು. ಕೂತ ಕೂಡಲೇ ಕಣ್ಣು ತಾನೇ ತುಂಬುತ್ತಿತ್ತು. ಪ್ರಫುಲ್ಲಾ ನಾಳೆ ಬನ್ನಿ ಎಂದಳು. ಶ್ರಾವಣಿ ಬೇಡವೆಂದು ತಲೆಯಾಡಿಸಿದಳು.

“ನಾಳೆ ಬಂದ್ರೂ ಇದ ಕಣ್ಣರಿ.” ಅವಳು ಕುರ್ಚಿಯಿಂದ ಎದ್ದು ಗೋದಾಬಾಯಿಯತ್ತ ತಿರುಗಿದಳು. “ನೀವು ಕುಂದರ್ರಿ.”

“ಏ ಹುಚ್ಚಿ! ಅದು ನಿಂದು. ಬಿಟ್ಟುಕೊಟ್ರ ಹೋತು ಅದು.”

“ನಾ ಒಂದು ಸಲ ನೋಡಿ ಮರೀತೀನಿ. ನಿಮಗ ಇಪ್ಪತ್ತು ವರ್ಷದಿಂದ ಎಡಗಾಲು ನೆನಪೈತಿ. ನೀವು ನೋಡ್ರಿ, ನೋಡಿ ನನಗ ತೋರಸ್ರಿ. ಹುಬ್ಬು ಗಿಬ್ಬು ಹಚ್ಚಲಾರದ.”

“ನಾ ಹಾಸ್ಯ ಮಾಡಾಕೀ. ನಾ ತೋರಿಸಿದ್ದು ಖರೆ ಅಂತ ನೀ ಹೆಂಗ ನಂಬ್ತಿ?”

ಹುಡುಗಿ ಒದ್ದೆ ದುಪಟ್ಟಾದ ತುದಿ ಹಿಂಡಿದಳು.

“ನೀವು ಮನ್ಯಾಗ ಕಲ್ಲು ಆರಿಸಿ ಒಗದ್ರಲ್ಲ,” ಎಂದಳು. “ನಿಮ್ಮನ್ನ ನಂಬದಿದ್ರ ಇನ್ನ ಯಾರನ್ನ ನಂಬಲಿ?”

ಬೇರೆಯವರಿಗೆ ಬಿಟ್ಟುಕೊಡುವುದಕ್ಕೆ ಕಾಯ್ದೆಯ ಅಡ್ಡಿ ಇರಲಿಲ್ಲ. ಬಾಯಿ ಒಪ್ಪಿಗೆ ಸಾಕು. ಶ್ರಾವಣಿ ಒಪ್ಪಿಗೆ ಹೇಳಿ ಬಾಗಿಲ ಹೊರಗೆ ಹೋದಳು.

ಗೋದಾಬಾಯಿ ಗದ್ದ ಊರಿದಳು. ಎರಡೂ ಕಣ್ಣನ್ನು ಅಗಲಿಸಿ ಹಿಡಿದಳು. ತಾನು ರೆಪ್ಪೆ ಬಡಿದರೆ ಅಷ್ಟು ಫಕ್ಕೀರಪ್ಪ ಹೋದಂತೆ.

ಬಿಳಿ ಬಂತು. ಬಿಳಿ ಬಿಟ್ಟು ಏನೂ ಇಲ್ಲ. ಆದರೆ ಅವಳಿಗೆ ಆ ಬಿಳಿಯ ಒಂದೊಂದು ಗಳಿಗೆಯೂ ಗೊತ್ತಿತ್ತು. ಈಗ ಎಡ ಚಪ್ಪಲಿ, ಈಗ ಬಲದ್ದು ತೊಡಕಿತು, ಈಗ ಕತ್ತರಿ, ಈಗ ರಿಬ್ಬನ್ನು ಹಾರಿತು ಎಂದು ಮನಸ್ಸಿನಲ್ಲೇ ನಡೆಸುತ್ತಾ ಕಾದಳು. ಈಗ ಬಾಯಿಗೆ ಬಿತ್ತು.

ಬಣ್ಣ ಬಂತು.

ಅಬ್ಬಾ, ಎಂಥ ಬಣ್ಣ! ನಿನ್ನೆ ಅದ್ದಿ ತೆಗೆದ ಹಾಗೆ. ಕೆಂಪು ರಿಬ್ಬನ್ನು ತುಟಿಯಿಂದ ಜೋತುಬಿದ್ದಿತ್ತು. ನಟಿ ಅಷ್ಟರಲ್ಲಿ ಒಳಗೆ ಹೋಗಿದ್ದಳು, ಅವಳ ಹಿಂದೆ ಜನವೂ ನುಗ್ಗಿತ್ತು. ಮೊಬೈಲು ಹಿಡಿದವನು ನಿಲ್ಲಿಸುವುದನ್ನು ಮರೆತಿದ್ದನೋ ಏನೋ. ಗೋದಾಬಾಯಿ ಮುಖ ಬಿಟ್ಟು ಕಾಲು ನೋಡಿದಳು. ಬರಿಗಾಲು, ಹೆಬ್ಬೆರಳು ಮೇಲೆ ಎದ್ದಿದೆ. ನೆಲ ನೋಡಿದಳು. ನೆಲದ ಮೇಲೆ ಹೂವಿನ ಎಸಳು, ಕೆಂಪು ಹಾಸು, ಅವನ ಚಪ್ಪಲಿ. ಹರಿದ ವಯರು ಎಂಬುದು ಇಲ್ಲ. ಕೈ ನೋಡಿದಳು. ಕೈ ಮೇಲೆ ಬಂದು, ಬಾಯಿಂದ ರಿಬ್ಬನ್ನು ಎಳೆದು, ಇದು ಇಲ್ಲಿಗೆ ಹೇಗೆ ಬಂತಪ್ಪ ಎಂಬಂತೆ ಎತ್ತಿ ಹಿಡಿಯಿತು. ಅವನು ಆಚೆ ಈಚೆ ನೋಡಿದ. ತೋರಿಸಲು ಯಾರೂ ಇರಲಿಲ್ಲ.

ಆಗ ಅವನು ನಕ್ಕ. ಮೊದಲು ಭುಜ ಕುಣಿದವು, ಆಮೇಲೆ ಹೊಟ್ಟೆ. ದನಿಯೂ ಸವೆಯದೆ ಉಳಿದಿತ್ತು. ಕೊಡದಲ್ಲಿ ನೀರು ತುಂಬುವಾಗ ಬರುವಂಥ ನಗೆ, ಕೆಳಗಿನಿಂದ ಮೇಲೆ ಏರುತ್ತಾ ಹೋಗುವಂಥದು. ನಗುತ್ತಲೇ ಹೆಗಲ ಮೇಲಿನ ವಯರನ್ನು ಇಳಿಸಿ ಮೊಣಕೈಗೆ ಸುತ್ತತೊಡಗಿದ. ಸುತ್ತು ತಪ್ಪಿತು, ಅದಕ್ಕೂ ನಕ್ಕ.

ಮತ್ತೆ ಬಿಳಿಯಾಯಿತು.

ಪ್ರಫುಲ್ಲಾ ಏನೋ ಒತ್ತಿ, “ಆತ್ರಿ,” ಎಂದಳು. ಆತ್ರಿ ಎಂದರೆ ಇನ್ನು ಜಗತ್ತಿನಲ್ಲಿ ಎಲ್ಲೂ ಇಲ್ಲ ಎಂದು.

ಹೊರಗೆ ಕ್ಯಾಂಟೀನಿನ ಪಕ್ಕದ ಕಲ್ಲುಬೆಂಚಿನ ಮೇಲೆ ಶ್ರಾವಣಿ ಕೂತಿದ್ದಳು. ಅವಳವರೆಗೆ ನಡೆದು ಹೋಗುವಷ್ಟರಲ್ಲಿ ಗೋದಾಬಾಯಿಯ ಮನಸ್ಸಿನಲ್ಲಿ ಒಂದು ಸುಳ್ಳು ಪೂರ್ತಿ ತಯಾರಾಗಿತ್ತು. ವಯರು ಇತ್ತು ಎಂದು ಒಂದು ಮಾತು ಅಂದರೆ ಸಾಕು. ತಾಯಿಯೂ ಮಗಳೂ ಬದುಕಿರುವವರೆಗೆ ಅದನ್ನು ನೆನೆದು ನೆಮ್ಮದಿಯಾಗಿ ಇರುತ್ತಾರೆ. ಅಲ್ಲ ಎನ್ನುವುದಕ್ಕೆ ಇನ್ನು ಯಾರ ಕಣ್ಣೂ ಇಲ್ಲ. ಮಾಡಿ ತೋರಿಸುವುದೂ ಅವಳಿಗೆ ಕಷ್ಟವಲ್ಲ. ಇಂಥ ಕೂಗನ್ನು ಎಷ್ಟು ನಾಟಕದಲ್ಲಿ ಕೂಗಿಲ್ಲ?

“ಒದರಿದ್ನೇನ್ರಿ?” ಹುಡುಗಿ ಎದ್ದು ನಿಂತು ಕೇಳಿದಳು.

ಗೋದಾಬಾಯಿ ಅವಳ ಮುಖ ನೋಡಿದಳು. ಕೆಳಗೆ ನೋಡಿದಳು. ಹುಡುಗಿಯ ಹೆಬ್ಬೆರಳು ಚಪ್ಪಲಿಯೊಳಗೇ ಮೇಲೆ ಎದ್ದಿತ್ತು.

“ಇಲ್ಲವಾ. ಒದರಲಿಲ್ಲ. ಹರದ ವಯರೂ ಇರಲಿಲ್ಲ. ಅಕೀನ್ನ ನೋಡೇ ಬಾಯಿ ತಗದಾನ.”

ಶ್ರಾವಣಿ ಮೆಲ್ಲಗೆ ಕೂತಳು. “ಹಂಗಾದ್ರ ಅವ್ವ ಇಷ್ಟ ದಿನಾ ಹೇಳಿದ್ದು...”

“ನಿಮ್ಮವ್ವ ಗಂಡನ್ನ ಕಾಯ್ಕೊಂಡಾಳ. ಅದಕ್ಕ ಸಿಟ್ಟಾಗಬ್ಯಾಡ. ಇಲ್ಲಿ ನೋಡು, ತೋರಸ್ತೀನಿ.”

ಅವಳು ಸೆರಗು ಸಿಕ್ಕಿಸಲಿಲ್ಲ. ಹುಬ್ಬು ಕುಣಿಸಲಿಲ್ಲ. ಬಾಯಿ ಮೆಲ್ಲಗೆ ತೆರೆದುಕೊಂಡಿತು. ಎಡ ಚಪ್ಪಲಿ ಬಿಟ್ಟಳು, ಬಲದ್ದು ತೊಡಕಿತು, ಕೊಡವಿದಳು. ಚೆಂದದ್ದೊಂದನ್ನು ಜೀವನದಲ್ಲಿ ಮೊದಲ ಸಲ ಹತ್ತಿರದಿಂದ ಕಂಡ ಮನುಷ್ಯ ಅಲ್ಲಿ ನಿಂತಿದ್ದ, ಅಷ್ಟೇ. ಕ್ಯಾಂಟೀನಿನ ಹುಡುಗರು ಗುರುತು ಹಿಡಿದು “ಏ, ಫಕ್ಕೀರಪ್ಪ!” ಎಂದು ನಗಲು ಬಂದವರು, ಯಾಕೋ ನಗದೆ ನಿಂತರು. ರಿಬ್ಬನ್ನು ಬಂತು. ಅದನ್ನು ಎಳೆದು, ಎತ್ತಿ ಹಿಡಿದು, ಆಚೆ ನೋಡಿ, ಈಚೆ ನೋಡಿ, ಎಪ್ಪತ್ತು ದಾಟಿದ ಆ ಹೆಂಗಸು ಕೊಡ ತುಂಬಿದ ಹಾಗೆ ನಕ್ಕಳು. ಭುಜ ಕುಣಿದವು, ಹೊಟ್ಟೆ ಕುಣಿಯಿತು, ಮೊಣಕೈಗೆ ಇಲ್ಲದ ವಯರು ಸುತ್ತಿಕೊಂಡಿತು, ತಪ್ಪಿತು.

“ಅಪ್ಪ ನಕ್ಕಿದ್ನಾ?” ಶ್ರಾವಣಿ ಬಾಯಿಗೆ ಕೈ ಇಟ್ಟುಕೊಂಡಿದ್ದಳು. “ಖರೇನ?”

“ಎಲ್ಲಾರಕಿಂತ ಮೊದಲ ಅವನ ನಕ್ಕಾನವಾ.”

“ಮತ್ತ ನಗೂದು ಯಾಕ ಬಿಟ್ಟ? ನಾ ಹುಟ್ಟಿ ಒಂದು ದಿನಾನೂ ನೋಡಲಿಲ್ಲಲ್ಲ ನಾ.”

ಗೋದಾಬಾಯಿ ಚಪ್ಪಲಿಯಲ್ಲಿ ಕಾಲು ಹಾಕಿದಳು. “ಅವಗ ಒಂದ ಸಲ ನಕ್ಕು ಮನಿಗೆ ಹೋಗೂದಿತ್ತು. ನಾವು ಹೋಗಗೊಡಲಿಲ್ಲ.”

ಮುಸ್ತಾಕ ಮುಖ ತಿರುಗಿಸಿ ಮೂಗು ಒರೆಸಿಕೊಂಡ. “ಥಂಡಿ ಕೋಣ್ಯಾಗ ನಿಂದ್ರಿಸಿ ನೆಗಡಿ ಮಾಡಿಟ್ರು ನೋಡು,” ಎಂದು ಯಾರಿಗೋ ಹೇಳಿ, ಚಹಾ ತರುತ್ತೇನೆಂದು ಹೋದ.

“ಇನ್ನೊಮ್ಮೆ,” ಎಂದಳು ಶ್ರಾವಣಿ.

ಗೋದಾಬಾಯಿ ಇನ್ನೊಮ್ಮೆ ಮಾಡಿದಳು. ರಿಬ್ಬನ್ನು ಬಾಯಿಗೆ ಬೀಳುವಾಗ ಹುಡುಗಿಯ ಮೂಗಿನಿಂದ ಫುಸ್ ಎಂದು ಏನೋ ಹೊರಟಿತು. ಅವಳು ತಡೆದಳು, ಆದರೆ ಅದು ತಡೆಯಲಿಲ್ಲ. ತಂದೆ ಬಾಯಿ ತೆರೆದದ್ದಕ್ಕೆ ಮಗಳು ನಕ್ಕಳು. ಜಗತ್ತು ನಕ್ಕು ಮರೆತ ಮೇಲೆ, ಕಣ್ಣೀರು ಸುರಿಸುತ್ತಾ, ಬೆಂಚಿನ ಅಂಚು ಹಿಡಿದುಕೊಂಡು ನಕ್ಕಳು. ನಗು ಇಳಿದ ಮೇಲೆ ಎದ್ದು ಗೋದಾಬಾಯಿಯ ಪಕ್ಕಕ್ಕೆ ಬಂದು ನಿಂತಳು.

“ಅಜ್ಜೀ, ನನಗ ಕಲಸ್ರಿ ಅದನ್ನ. ಮನಿಗೆ ಹೋಗಿ ಅವ್ವಗ ತೋರಿಸಬೇಕು.”

“ಎಡಗಾಲು ಮೊದಲ.”

ಹುಡುಗಿ ಎಡ ಚಪ್ಪಲಿ ಬಿಟ್ಟಳು. ಬಲದ್ದನ್ನು ಬೆರಳಿಗೆ ತೊಡಕಿಸಿಕೊಂಡು ಕೊಡವಿದಳು. ಬಾಯಿ ತೆರೆಯುವಾಗ ನಾಚಿ ನಿಲ್ಲಿಸಿದಳು, ಮತ್ತೆ ತೆರೆದಳು. ರಿಬ್ಬನ್ನು ಎಳೆದು ನಕ್ಕಳು. ಆ ನಗು ಗಂಟಲಲ್ಲೇ ನಿಂತಿತು.

“ಮ್ಯಾಲೆ ಬ್ಯಾಡ, ಕೆಳಗಿಂದ ಬರಬೇಕದು. ಭುಜಾ ಬಿಗಿ ಹಿಡದೀ ನೋಡು. ಬಿಡು. ಇನ್ನೂ ಬಿಡು.” ಗೋದಾಬಾಯಿ ಅವಳ ಎರಡೂ ಭುಜದ ಮೇಲೆ ಕೈ ಇಟ್ಟು ಮೆಲ್ಲಗೆ ಕೆಳಗೆ ಒತ್ತಿದಳು. ಮುಸ್ತಾಕ ಚಹಾದ ಲೋಟಗಳನ್ನು ಹಿಡಿದುಕೊಂಡು ಬಂದು ಅಲ್ಲೇ ನಿಂತ. ಹುಡುಗಿ ಕಣ್ಣು ಮುಚ್ಚಿ ಮತ್ತೆ ನಕ್ಕಳು. ಭುಜ ಒಮ್ಮೆ ಅಲುಗಿದವು, ಆಮೇಲೆ ಕುಣಿದವು.

“ಹಾಂ,” ಎಂದಳು ಗೋದಾಬಾಯಿ, ಕೈ ತೆಗೆದು. “ಈಗ ಬಂದ.”